ದಬ್ಬಣದ ಗವಿಸಿದ್ದಪ್ಪ

"ಇನ್ನೊಂಚೂರು ಬಲಕ್ಕ ಹಿಡೀರಿ, ಕತ್ತು ವಾಲಾಕತ್ತೈತಿ," ಎಂದರು ಯಾರೋ ಹಿಂದಿನಿಂದ.

ಕೊಟ್ರಬಸಪ್ಪ, ಕಚೇರಿಯಲ್ಲಿ ತನ್ನ ಜೊತೆ ಕೆಲಸ ಮಾಡಿದ ಗವಿಸಿದ್ದಪ್ಪನ ಹೆಣದ ಗದ್ದಕ್ಕೆ ಕೈಕೊಟ್ಟು ತಲೆಯನ್ನು ನೆಟ್ಟಗೆ ಹಿಡಿದ. ಇನ್ನೊಬ್ಬರು ಹಣೆಗೆ ಬಿಳಿ ವಸ್ತ್ರ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದರು. ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಕೂರಿಸಿದ ಮೇಲೆ ಹೆಣಕ್ಕೂ ಒಂದು ಕಳೆ ಬಂತು. ಕುರುಗೋಡಿನ ಜನವೆಲ್ಲ ಅದನ್ನೇ ನೋಡಿತು. ತೋಳು ಸೋಲುವಷ್ಟು ಹೊತ್ತು ಹಿಡಿದು ನಿಂತವನನ್ನು ಯಾರೂ ನೋಡಲಿಲ್ಲ. ಸತ್ತ ಮೇಲೂ ಅದೇ ಕತೆ ಅಂದುಕೊಂಡು ಕೊಟ್ರಬಸಪ್ಪ ಅಂಗಳಕ್ಕೆ ಬಂದ.

ಅಂಗಳದಲ್ಲಿ ಕರೂರಿನ ರೈತ ಉಚ್ಚೆಂಗೆಪ್ಪ ಮಾತಿಗೆ ಕೂತಿದ್ದ.

"ನಮ್ಮ ಭತ್ತಕ್ಕ ಬೆಂಕಿರೋಗ ಬಿದ್ದಾಗ ಬಳ್ಳಾರಿ ಕೃಷಿ ಕಚೇರಿಗೆ ಓಡಿದೆ. ಗವಿಸಿದ್ದಪ್ಪಾರು ಕಾರ್ಡಿನ ಕಟ್ಟಿಗೆ ದಬ್ಬಣ ಚುಚ್ಚಿ ಮ್ಯಾಲೆತ್ತಿ ಒಂದ್ಸಲ ಒದರಿದ್ರು ನೋಡ್ರಿ, ನನಗ ಬೇಕಾದ ಕಾರ್ಡು ಉಡಿಯಾಗ ಬಿತ್ತು. ದಬ್ಬಣದಾಗ ದೇವರು ಕುಂತಾನೇನೋ ಅನ್ನಿಸ್ತು."

"ದಬ್ಬಣದ ಗವಿಸಿದ್ದಪ್ಪ ಅಂದ್ರ ಸಿರುಗುಪ್ಪ ತಾಲೂಕಿಗೆಲ್ಲ ಗೊತ್ತು ಬಿಡು," ಎಂದ ನೆರೆಮನೆಯ ರಂಗಣ್ಣ.

ಬಳ್ಳಾರಿಯಿಂದ ಜೀಪಿನಲ್ಲಿ ಬಂದಿದ್ದ ಕೃಷಿ ಕಚೇರಿಯ ಸಾಹೇಬರು ಕನ್ನಡಕ ಒರೆಸಿಕೊಂಡರು. "ಆ ಕಾರ್ಡಿನ ಕಪಾಟಿಗೆ ಅವರ ಹೆಸರಿನ ಹಲಗೆ ಹಾಕಿಸ್ತೀನಿ. ಏನಂತೀರಿ, ಕೊಟ್ರಬಸಪ್ಪ?"

"ಹಾಕಿಸ್ರಿ ಸರ್. ಯಾರು ಬ್ಯಾಡಂತಾರ."

ನನ್ನ ಹೆಸರೂ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಣ ಒಳಗೆ ಕೂತಿರುವಾಗ ಅದನ್ನು ಹೇಗೆ ಆಡುವುದು? ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

*

ಆ ಕಪಾಟು ಶುರುವಾದದ್ದು ಅರವತ್ತಾರನೇ ಇಸವಿಯಲ್ಲಿ. ಬಳ್ಳಾರಿ ಕಂಟೋನ್ಮೆಂಟಿನಲ್ಲಿದ್ದ ಕೃಷಿ ಕಚೇರಿಯ ಗ್ರಂಥಾಲಯಕ್ಕೆ ಪುಸ್ತಕ, ಪತ್ರಿಕೆ ಮೂಟೆಗಟ್ಟಲೆ ಬರುತ್ತಿದ್ದವು. ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. ಒಂದೊಂದು ಪುಸ್ತಕಕ್ಕೆ, ಒಂದೊಂದು ಲೇಖನಕ್ಕೆ ಒಂದೊಂದು ಕಾರ್ಡು ಮಾಡಿದರು. ಕಾರ್ಡಿನ ಅಂಚಿನುದ್ದಕ್ಕೂ ತೂತುಗಳು; ಒಂದು ತೂತು ಭತ್ತಕ್ಕೆ, ಒಂದು ಹತ್ತಿಗೆ, ಒಂದು ರೋಗಕ್ಕೆ, ಒಂದು ಕಾಲುವೆ ನೀರಿಗೆ. ಯಾವ ವಿಷಯ ಆ ಪುಸ್ತಕದಲ್ಲಿದೆಯೋ ಆ ತೂತನ್ನು ಅಂಚಿನವರೆಗೂ ಕಚ್ಚು ಹಾಕಿ ಬಿಡಿಸುವುದು. ಆಮೇಲೆ ಬೇಕಾದ ವಿಷಯದ ತೂತಿನಲ್ಲಿ ಸರಳು ತೂರಿಸಿ ಕಟ್ಟಿಗೆ ಕಟ್ಟನ್ನೇ ಎತ್ತಿ ಒದರಿದರೆ ಅಲ್ಲಿ ಕಚ್ಚು ಹಾಕಿದ ಕಾರ್ಡು ಉದುರುತ್ತವೆ, ಉಳಿದವು ನೇತಾಡುತ್ತವೆ.

ಯಾವ ತೂತು ಯಾವುದಕ್ಕೆ ಎಂದು ಗೊತ್ತುಮಾಡಿದವನು ಕೊಟ್ರಬಸಪ್ಪ. ಪ್ರತಿಯೊಂದನ್ನೂ ಓದಿ ಸೀಸಕಡ್ಡಿಯಲ್ಲಿ ಗುರುತು ಹಾಕಿದವನೂ ಅವನೇ. ಗವಿಸಿದ್ದಪ್ಪ ಆ ಗುರುತಿನ ಮೇಲೆ, ಬಸ್ಸಿನ ಕಂಡಕ್ಟರು ಟಿಕೀಟಿಗೆ ತೂತು ಹಾಕುವಂಥ ಇಕ್ಕಳದಿಂದ ಕಚ್ಚು ಹಾಕುತ್ತಿದ್ದ. ಮದರಾಸಿನಿಂದ ಬರಬೇಕಿದ್ದ ಸರಳು ಬರಲೇ ಇಲ್ಲ. ಗವಿಸಿದ್ದಪ್ಪ ಹತ್ತಿ ಮಾರುಕಟ್ಟೆಗೆ ಹೋಗಿ ಅಂಡಿಗೆಯ ಗೋಣಿ ಹೊಲಿಯುವ ದಬ್ಬಣ ತಂದ.

ಓದಿದ್ದು ಯಾರ ಕಣ್ಣಿಗೆ ಬೀಳುತ್ತದೆ? ದಬ್ಬಣ ಬೀಳುತ್ತದೆ. ಗವಿಸಿದ್ದಪ್ಪ ಅಂಗಿಯ ತೋಳು ಮಡಚಿ, ಜಾತ್ರೆಯ ಗಾರುಡಿಗನಂತೆ ಒದರುವುದನ್ನು ನೋಡಲಿಕ್ಕೇ ಜನ ಬಂದರು. ಚಹಕ್ಕೆ ಹೋಗುವಾಗಲೂ ಅವನು ದಬ್ಬಣವನ್ನು ಜೇಬಿಗೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದ. ಒಮ್ಮೆ ಅವನಿಲ್ಲದಾಗ ಸೈಕಲ್ಲಿನ ಕಡ್ಡಿಯಿಂದ ಕೊಟ್ರಬಸಪ್ಪನೇ ಕಾರ್ಡು ತೆಗೆದುಕೊಟ್ಟ. ಬಂದವನು ಕಾರ್ಡು ಹಿಡಿದುಕೊಂಡೇ, "ಗವಿಸಿದ್ದಪ್ಪಾರು ಯಾವಾಗ ಬರ್ತಾರ್ರಿ?" ಎಂದು ಕೇಳಿದ. ಅವತ್ತು ಕೊಟ್ರಬಸಪ್ಪ ಬುತ್ತಿಯ ರೊಟ್ಟಿಯನ್ನು ಬಿಚ್ಚದೆ ಮನೆಗೆ ವಾಪಸು ಒಯ್ದ.

*

ಇಳಿಹೊತ್ತಿಗೆ ಮಣ್ಣು ಮಾಡಿ, ಬಾವಿಯಲ್ಲಿ ಮಿಂದು ಎಲ್ಲರೂ ಮನೆಗೆ ಬಂದು ದೀಪ ನೋಡಿದರು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಕೊಟ್ರಬಸಪ್ಪ ಸದ್ದಿಲ್ಲದೆ ಎದ್ದು ಚಪ್ಪಲಿ ಮೆಟ್ಟಿದ. ತಲಬಾಗಿಲ ಪಕ್ಕದಲ್ಲಿ ಗವಿಸಿದ್ದಪ್ಪನ ಹೆಂಡತಿ ಗುರುಬಸಮ್ಮ ಗೋಡೆಗೆ ಒರಗಿ ಕೂತಿದ್ದಳು.

"ನೀವೇನ್ರಿ ಕೊಟ್ರಬಸಪ್ಪ ಅಂದ್ರ?" ಎಂದಳು.

"ಹೌದು ತಂಗೆಮ್ಮಾ."

"ದಪ್ಪ ಇರಬೇಕು ಅನ್ಕಂಡಿದ್ದೆ. ಉಣ್ಣಾಕ ಕುಂತ್ರೂ ನಿಮ್ಮ ಹೆಸರೇ. ಕೇಳಿ ಕೇಳಿ ಸಾಕಾಗಿತ್ತು ನನಗ."

"ನನ್ನ ಹೆಸರು?"

"ಹೂಂ. ನನ್ನ ಕೈಯಾಗ ಏನೈತಿ, ಅಂವ ಗೀಟು ಹಾಕಿದಲ್ಲಿ ಕತ್ತರಿಸೋದು, ದರ್ಜಿ ಮುಂದ ಕುಂತ ಹುಡುಗನಂಗ ಅಂತಿದ್ರು. ಆ ದಬ್ಬಣ ಮನಿಗೂ ತರ್ತಿದ್ರು. ಹುಡುಗ್ರು ಆಡೋ ಮನಿ, ಯಾಕ ತರ್ತೀರಿ ಅಂದ್ರ, ಬಿಟ್ಟುಬಂದ್ರ ಕೊಟ್ರಬಸಪ್ಪ ಒದರತಾನ, ಯಾರು ಒದರಿದ್ರೂ ಕಾರ್ಡು ಬೀಳ್ತಾವ ಅಂತ ಜನಕ್ಕ ಗೊತ್ತಾಗತೈತಿ, ಆಮ್ಯಾಲ ನನ್ನ ಯಾರು ಕೇಳ್ತಾರ ಅಂತಿದ್ರು." ಅವಳು ಮೂಗು ಸೀಟಿ ಸೆರಗಿಗೆ ಒರೆಸಿಕೊಂಡಳು. "ನಿಮಗ ಜ್ವರ ಬಂದು ರಜಾ ಹಾಕಿದಾಗೊಮ್ಮಿ ಖುಷಿಯಾಗಿ ಹೋದ್ರು. ಸಂಜಿಗೆ ಮಕ ಸಣ್ಣದು ಮಾಡ್ಕಂಡು ಬಂದ್ರು. ಹೊಸ ಪುಸ್ತಕ ಬಂದಿದ್ವಂತ, ಒಂದ ಗುರುತೂ ಹಾಕಾಕ ಬರಲಿಲ್ಲಂತ. ನಿಮ್ಮನ್ನ ಬೈದದ್ದೇ ಬೈದದ್ದು."

ಬೀದಿಯಲ್ಲಿ ಜೀಪಿನ ಹಾರನ್ನು ಕೂಗಿತು. ಡ್ರೈವರ್ ಚಿನ್ನಪ್ಪ ಬಾಗಿಲಿಗೆ ಬಂದು, "ಬರ್ರಿ ಕೊಟ್ರಬಸಪ್ಪಾರ, ಸಾಹೇಬ್ರು ಕುಂತಾರ. ಹಲಗಿ ಮ್ಯಾಲ ಏನು ಬರೆಸೋದು ಅಂತ ನಿಮ್ಮನ್ನ ಕೇಳ್ಬೇಕಂತ," ಎಂದ.

"ಅವರಿಗೆ ತಿಳಿದದ್ದು ಬರೆಸ್ಲಿ. ನೀವು ನಡೀರಿ, ನಾನು ಬಸ್ಸು ಹಿಡೀತೀನಿ."

ಜೀಪು ಧೂಳೆಬ್ಬಿಸಿ ಹೋಯಿತು. ಕೊಟ್ರಬಸಪ್ಪ ಒಂದು ಚಪ್ಪಲಿ ಬಿಟ್ಟ, ಇನ್ನೊಂದನ್ನೂ ಬಿಟ್ಟ. ಹೊಸ್ತಿಲ ಹೊರಗೆ, ನೀರು ಚೆಲ್ಲಿ ಒದ್ದೆಯಾಗಿದ್ದ ಕಲ್ಲಿನ ಮೇಲೆಯೇ ಕೂತು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

"ಏನಂತ ಬೈತಿದ್ದ ತಂಗೆಮ್ಮಾ?" ಎಂದ. "ಒಂದೂ ಬಿಡಬ್ಯಾಡ, ಹೇಳು."