ಬೋರಲು ಹಾಕಿದ ಆಲಿಕೆ

ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ನೀರಿಗೆ ಬಿಡುವಾಗ ಕೊಳವೆಯನ್ನು ನೇರವಾಗಿ ಮುಳುಗಿಸಬಾರದು. ಅದರ ತುದಿಗೆ ಆಲಿಕೆಯೊಂದನ್ನು ಬೋರಲು ಹಾಕಿ, ಅಂಚು ನೀರಿಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಬೇಕು. ನೀರಿಗೂ ಆ ಅನಿಲಕ್ಕೂ ಅಷ್ಟೊಂದು ಸೆಳೆತ. ಮುಳುಗಿಸಿದರೆ ನೀರು ಕೊಳವೆಯೊಳಗೆ ನುಗ್ಗಿ, ಕಾದ ಫ್ಲಾಸ್ಕಿನವರೆಗೂ ಏರಿ, ಗಾಜನ್ನು ಸೀಳಿಬಿಡುತ್ತದೆ.

"ತಾಗಬೇಕು, ಮುಳುಗಬಾರದು ಕಣ್ರಮ್ಮ" ಎಂದು ಹೇಳಿಕೊಡುತ್ತಲೇ ಗಿರಿಜಾಂಬಾಗೆ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಲೆ ನರೆತಿತ್ತು.

ತಂಗಿ ಸುಷ್ಮಾ ಬಾಣಂತನದಲ್ಲಿ ತೀರಿಕೊಂಡಾಗ ಅವಳ ಕೂಸು ಅಕ್ಷತಾ ಕುಂಬಾರಕೊಪ್ಪಲಿನ ಗಿರಿಜಾಂಬಾಳ ಮನೆಗೆ ಬಂದಿತ್ತು. ಕೂಸಿನ ತಂದೆ ಮಹದೇವಪ್ರಸಾದ್ ವರ್ಷ ತಿರುಗುವುದರೊಳಗೆ ಇನ್ನೊಂದು ಮದುವೆಯಾಗಿ ಮಂಡಕಳ್ಳಿಯಲ್ಲಿ ಮನೆ ಮಾಡಿದ. ಕೆಟ್ಟವನಲ್ಲ. ಹಬ್ಬಕ್ಕೆ ಬಟ್ಟೆ ತರುತ್ತಿದ್ದ, ಮಗುವನ್ನು ಕೊಡಿ ಎಂದು ಕೇಳುತ್ತಿರಲಿಲ್ಲ. ಗಿರಿಜಾಂಬಾಳ ಮದುವೆಯ ಮಾತು ಬಂದಾಗಲೆಲ್ಲ ಕೂಸಿನ ಮಾತೂ ಬಂದು, ಕಡೆಗೆ ಎರಡೂ ನಿಂತುಹೋದವು.

ಮಗು ಮೊದಲ ಸಲ ಸೆರಗು ಹಿಡಿದು "ಅಮ್ಮ" ಎಂದಾಗ ಅವಳು ಅದನ್ನು ಬಾಚಿ ಎತ್ತಿಕೊಂಡಳು. ಆದರೂ ಗೋಡೆಯ ಮೇಲಿನ ಸುಷ್ಮಾಳ ಪಟ ತೋರಿಸಿ, "ಅಮ್ಮ ಅಲ್ಲಿ. ನಾನು ದೊಡ್ಡಮ್ಮ" ಎಂದು ತಿದ್ದಿದಳು. ಮಗು ಮತ್ತೆ ಮತ್ತೆ ತಪ್ಪಿತು, ಇವಳು ಮತ್ತೆ ಮತ್ತೆ ತಿದ್ದಿದಳು. ಸತ್ತ ತಂಗಿಯ ಜಾಗವನ್ನು ಕಬಳಿಸಿದ ಹಾಗಾಗಬಾರದು ಎನ್ನುವ ಭಯ ಅವಳಿಗೆ. ಒಂದು ದಿನ ಮಗು ತಪ್ಪುವುದನ್ನು ನಿಲ್ಲಿಸಿತು. ಅಂದು ಗಿರಿಜಾಂಬಾಗೆ ಊಟ ಸೇರಲಿಲ್ಲ.

ಅಕ್ಷತಾ ದೊಡ್ಡಮ್ಮನ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಎರಡು ಸಾವಿರದ ಐದನೇ ಇಸವಿ. ಪಾಠಕ್ಕೆ ಹೊಸದಾಗಿ ಪರಮಾಣು ಮಿತವ್ಯಯ ಎನ್ನುವುದು ಸೇರಿತ್ತು. ಹಾಕಿದ ಪರಮಾಣುಗಳಲ್ಲಿ ಎಷ್ಟು ಪಾಲು ಬೇಕಾದ ವಸ್ತುವಿಗೆ ಸೇರಿತು, ಎಷ್ಟು ವ್ಯರ್ಥವಾಗಿ ಹೊರಬಿತ್ತು ಎನ್ನುವ ಲೆಕ್ಕ ಅದು. ಗಿರಿಜಾಂಬಾ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಲೇ ಅದನ್ನು ವಿವರಿಸಿದಳು.

"ಮೀಥೇನಿಗೆ ಕ್ಲೋರಿನ್ ಹಾಕಿದ್ರೆ ಹೈಡ್ರೋಜನ್ ಕ್ಲೋರೈಡ್ ಹೊರಗೆ ಬೀಳುತ್ತೆ, ಅದು ಕಸ. ಎಥಿಲೀನಿಗೆ ಅದೇ ಹೈಡ್ರೋಜನ್ ಕ್ಲೋರೈಡನ್ನ ಸೇರಿಸು, ಒಂದು ಪರಮಾಣುವೂ ಪೋಲಾಗಲ್ಲ. ಪೂರ್ತಿ ಒಳಗೇ ಸೇರ್ಕೊಂಡ್ಬುಡುತ್ತೆ."

"ಹಂಗಾದ್ರೆ ಕಸ ಅನ್ನೋದು ಅದರ ಗುಣ ಅಲ್ಲ ದೊಡ್ಡಮ್ಮ. ಯಾರ ಮನೆಗೆ ಹೋಯ್ತು ಅನ್ನೋದರ ಮೇಲೆ."

"ಮಾತು ಚೆನ್ನಾಗಿ ಕಲಿತುಬುಟ್ಟಿದೀಯ. ದೋಸೆ ಆರೋಗ್ತಿದೆ, ತಿನ್ನು."

"ಮೊದಲು ನನ್ನ ಅರ್ಧ ಮಾರ್ಕು ಕೊಡು. ಟೆಸ್ಟಲ್ಲಿ ಸಮೀಕರಣದ ಕೊನೇಲಿ ಕಸ ಬರೀಲಿಲ್ಲ ಅಂತ ಸ್ವಂತ ಮಗಳಿಗೇ ಕತ್ತರಿಸಿದೋಳು ನೀನು!"

ಸ್ವಂತ ಮಗಳು ಎಂದಿದ್ದಳು ಹುಡುಗಿ. ಗಿರಿಜಾಂಬಾ ಈ ಸಲ ತಿದ್ದಲಿಲ್ಲ. ಕೇಳಿಸದವಳ ಹಾಗೆ ಕಾವಲಿಗೆ ಎಣ್ಣೆ ಸವರಿದಳು.

ಹಾಸನದ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಧಾರೆ ಎರೆಯುವವರು ಯಾರು ಎನ್ನುವುದೊಂದು ಉಳಿಯಿತು. ಒಂದು ಭಾನುವಾರ ಗಿರಿಜಾಂಬಾಳ ಚಿಕ್ಕಪ್ಪ ರುದ್ರಸ್ವಾಮಿ ಅವಳ ಮನೆಯ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿದರು. ಮಹದೇವಪ್ರಸಾದ್ ಹೆಂಡತಿಯೊಂದಿಗೆ ಬಂದಿದ್ದ.

"ಮದುವೆ ಮಾಡಿಸೋ ಅಯ್ಯನೋರು ಗಂಡ ಹೆಂಡ್ತಿ ಇರೋರೇ ಎರೀಬೇಕು ಅಂತಾರೆ. ನಾನು ಮಠದಲ್ಲಿ ಕೇಳ್ಕೊಂಡು ಬಂದೆ. ಸಾಕಿದೋಳು ಎರೆದ್ರೆ ದೋಷ ಏನೂ ಇಲ್ಲ ಅಂದ್ರು. ಗಿರಿಜಾ, ನೀನು ಹೂಂ ಅನ್ನು, ಅಯ್ಯನೋರ್ನ ಒಪ್ಸೋದು ನನಗೆ ಬುಡು" ಎಂದರು ರುದ್ರಸ್ವಾಮಿ.

"ನೀವೇ ಎರೀರಿ ಗಿರಿಜಕ್ಕ. ನನ್ನದೇನೂ ಅಡ್ಡಿ ಇಲ್ಲ" ಎಂದ ಮಹದೇವಪ್ರಸಾದ್.

ಅವನ ಹೆಂಡತಿ ಬಳೆ ತಿರುಗಿಸುತ್ತ ಕೂತಿದ್ದಳು. ಅವಳಿಗೆ ಇಬ್ಬರೂ ಗಂಡುಮಕ್ಕಳು. ಕನ್ಯಾದಾನದ ಪುಣ್ಯಕ್ಕೆ ಅವಳಿಗೆ ಇದೊಂದೇ ದಾರಿ. ಅಕ್ಷತಾ ಅಡುಗೆಮನೆಯ ಬಾಗಿಲಿಗೆ ಒರಗಿ ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು.

"ಯೋಚನೆ ಮಾಡಿ ಹೇಳಮ್ಮ. ಧಾರೆ ಎರೆದೋರ ಮನೇನೇ ತವರು. ನಾಳೆ ಹೆಣ್ಣು ಬರೋದು ಅಲ್ಲಿಗೇ, ಬಸುರು ಬಾಣಂತನ ಆಗೋದೂ ಅಲ್ಲೇ" ಎಂದು ರುದ್ರಸ್ವಾಮಿ ಎಚ್ಚರಿಸಿದರು.

ಹೂಂ ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಬಾಯಿ ತೆರೆದಾಗ ಗಿರಿಜಾಂಬಾಳ ಕಣ್ಣು ಗೋಡೆಯ ಪಟದ ಕಡೆಗೆ ಹೋಯಿತು. ಅಷ್ಟು ವರ್ಷ ಕಾಯ್ದುಕೊಂಡು ಬಂದ ಅಂತರ ನಾಲಿಗೆಯ ಮೇಲೆ ತಾನಾಗಿಯೇ ಬಂದು ಕೂತಿತು.

"ತಂದೆ ಇದ್ದಾರಲ್ಲ ಚಿಕ್ಕಪ್ಪ. ಅವರೇ ಎರೀಲಿ. ಶಾಸ್ತ್ರ ಯಾಕೆ ಕೆಡಿಸೋದು."

ಬಾಗಿಲಲ್ಲಿದ್ದ ಹುಡುಗಿ ಒಳಗೆ ಹೋದಳು. ಬಂದವರೆಲ್ಲ ಹೊರಟ ಮೇಲೆ, ಬೆನ್ನು ತಿರುಗಿಸಿಕೊಂಡು ಕಾಫಿ ಲೋಟ ತೊಳೆಯುತ್ತಲೇ ಹೇಳಿದಳು:

"ಇದೊಂದ್ಸಲ ನೀನು ಬೇಕು ಅನ್ನಬಹುದಿತ್ತು ದೊಡ್ಡಮ್ಮ. ನಾನೇನು ನಿನ್ನ ಕಿತ್ಕೊಂಡು ತಿಂತಿದ್ನಾ?"

ಗಿರಿಜಾಂಬಾ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ಹುಡುಗಿ ಲೋಟಗಳನ್ನು ಒರೆಸಲು ಅವಳ ಕೈಗೆ ಕೊಡದೆ ಬೋರಲು ಹಾಕಿ ಹೋದಳು.

ಮದುವೆಯಲ್ಲಿ ಗಿರಿಜಾಂಬಾ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದಳು. ವಾಲಗ ಜೋರಾದಾಗ ಉಗ್ರಾಣದ ಬಾಗಿಲಿನಿಂದಲೇ ಕಂಡಳು: ಮಹದೇವಪ್ರಸಾದನ ಹೆಂಡತಿ ಗಿಂಡಿ ಬಗ್ಗಿಸಿದಳು, ಹಾಲು ನೀರು ಸಣ್ಣಗೆ ಧಾರೆಯಾಗಿ ಅಕ್ಷತಾಳ ಕೈಮೇಲೆ ಇಳಿಯಿತು. ಆ ಗಿಂಡಿಯನ್ನು ಹಿಂದಿನ ದಿನ ಹುಣಸೆಹಣ್ಣು ಹಾಕಿ ಬೆಳಗಿಕೊಟ್ಟವಳು ಇವಳೇ. "ಮೇಡಂ, ಎರಡನೇ ಪಂಕ್ತಿಗೆ ಬೆಲ್ಲ ಬೇಕಂತೆ" ಎಂದು ಅಡುಗೆಯವನು ಕೂಗಿದ. ಬೆಲ್ಲ ಅಳೆದುಕೊಟ್ಟಳು.

ಕಾಲೇಜು ಮತ್ತೆ ಶುರುವಾಯಿತು. ಪ್ರಯೋಗಾಲಯದಲ್ಲಿ ಉಪ್ಪಿಗೆ ಗಂಧಕಾಮ್ಲ ಹಾಕಿ ಕಾಯಿಸಿ ಹೈಡ್ರೋಜನ್ ಕ್ಲೋರೈಡ್ ತೆಗೆಯುವ ದಿನ. ಗೌತಮಿ ಎನ್ನುವ ಹುಡುಗಿ, ಆಲಿಕೆ ಸಿಗಲಿಲ್ಲವೆಂದೋ ಏನೋ, ಕೊಳವೆಯನ್ನು ನೇರ ನೀರಿಗೆ ಇಳಿಬಿಟ್ಟಿದ್ದಳು. ಗಿರಿಜಾಂಬಾ ತಿರುಗಿ ನೋಡುವಷ್ಟರಲ್ಲಿ ನೀರು ಕೊಳವೆಯಲ್ಲಿ ಏರತೊಡಗಿತ್ತು. ಕರೆದ ಕೂಡಲೇ ಓಡಿ ಬರುವ ಮಗುವಿನ ಹಾಗೆ ಏರುತ್ತಿತ್ತು. ಒಂದು ಕ್ಷಣ ಅದನ್ನೇ ನೋಡಿದಳು. ಮರುಕ್ಷಣ ಹುಡುಗಿಯ ಭುಜ ಹಿಡಿದು ಹಿಂದಕ್ಕೆ ಎಳೆದು, ಪ್ರಯೋಗದ ಗೂಡಿನ ಗಾಜಿನ ಪರದೆಯನ್ನು ದಡಕ್ಕನೆ ಇಳಿಸಿದಳು. ಒಳಗೆ ಫ್ಲಾಸ್ಕು ಸಿಡಿಯಿತು.

ಯಾರಿಗೂ ಏನೂ ಆಗಲಿಲ್ಲ. ಗೌತಮಿ ಬಿಕ್ಕಿದಳು: "ತಾಗಿದ್ರೆ ಸಾಕು ಅಂದಿದ್ರಿ ಮೇಡಂ. ನಾನು ಪೂರ್ತಿ ಮುಳುಗಿಸ್ಬುಟ್ಟೆ."

ಗಿರಿಜಾಂಬಾ ಬೈಯಲಿಲ್ಲ. ಹುಡುಗಿಯ ಭುಜ ಹಿಡಿದಿದ್ದ ಕೈಯನ್ನು ಬಿಡುವುದೂ ಅವಳಿಗೆ ಸ್ವಲ್ಪ ಹೊತ್ತು ಮರೆತುಹೋಗಿತ್ತು. ಆಲಿಕೆಯಿಂದ ಫ್ಲಾಸ್ಕು ಒಡೆಯುವುದಿಲ್ಲ, ನಿಜ. ಆದರೆ ನೀರು ಎಂದಿಗೂ ಮೇಲೆ ಬಂದು ಮುಟ್ಟುವುದೂ ಇಲ್ಲ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಅದು ಇವತ್ತು ಹೊಳೆದಿತ್ತು.

ಅಕ್ಷತಾ ಮೊದಲ ಸಲ ತವರಿಗೆ ಬಂದಳು, ಮಂಡಕಳ್ಳಿಗೆ. ಗಂಡನ ಮನೆಗೆ ಹಿಂದಿರುಗುವ ದಿನ ಕುಂಬಾರಕೊಪ್ಪಲಿನ ಮನೆಯ ಮುಂದೆ ಕಾರು ನಿಂತಿತು. ಗಿರಿಜಾಂಬಾ ಹಿಂದಿನ ರಾತ್ರಿಯೇ ದೋಸೆಹಿಟ್ಟು ರುಬ್ಬಿ ಇಟ್ಟಿದ್ದಳು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಆ ಕುರ್ಚಿ ಬಂದವರಿಗೆ ಹಾಕುವುದು.

"ಚೆನ್ನಾಗಿದೀಯಾ ದೊಡ್ಡಮ್ಮ? ಸ್ವಲ್ಪ ನೀರು ಕೊಡ್ತೀಯಾ?"

ಈ ಮನೆಯಲ್ಲಿ ಅವಳು ಎಂದೂ ನೀರು ಕೇಳಿದವಳಲ್ಲ.

"ನೀನೇ ಬಂದು ತಗೋ" ಎಂದಳು ಗಿರಿಜಾಂಬಾ. "ಬಾ ಮಗಳೇ, ಒಳಗೆ ಬಾ. ಕಾವಲಿ ಇಟ್ಟಿದೀನಿ. ಅಮ್ಮ... ನಾನು..."

ಅಕ್ಷತಾ ತಲೆಯೆತ್ತಿ ನೋಡಿದಳು. ಅವಳ ಕಣ್ಣು ತುಂಬಿತ್ತು. ಎದ್ದೇಬಿಟ್ಟಳು ಎನ್ನುವಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿಸಿತು.

"ಅವರು ಕಾಯ್ತಿದ್ದಾರೆ. ಹೊತ್ತಾಯ್ತು, ಬುಡು. ಇಲ್ಲೇ ಕೊಟ್ಬುಡು."

ಗಿರಿಜಾಂಬಾ ಲೋಟದಲ್ಲಿ ನೀರು ತಂದಳು. ಅಕ್ಷತಾ ಎದ್ದು ನಿಂತು, ಹೊರಗಿನಿಂದ ಬಂದವರು ತೆಗೆದುಕೊಳ್ಳುವ ಹಾಗೆ, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.