ದೂರದ ಮೊಳೆಗಳು

ಮೊಳೆ ಜಗ್ಗಲಿಲ್ಲ. ದರ್ಜಿಯ ತಮ್ಮ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದ. ಬಾಗಿಲ ಚೌಕಟ್ಟಿನಿಂದ ಒಂದಿಷ್ಟು ಬಣ್ಣ ಉದುರಿತೇ ಹೊರತು ಮೊಳೆ ಇದ್ದಲ್ಲೇ ಇತ್ತು.

"ಸೊಂಟದ ಎತ್ತರಕ್ಕೆ ಯಾರಾದ್ರೂ ಮೊಳೆ ಹೊಡೀತಾರೇನಣ್ಣ?"

"ನಿಮ್ಮತ್ತಿಗೆ ಹೊಡೀತಾಳೆ," ಎಂದ ದರ್ಜಿ, ಕೂತಲ್ಲಿಂದಲೇ. ಹೆಂಡತಿ ಇಲ್ಲವೆಂಬುದು ಅವನ ಮಾತಿಗೆ ಇನ್ನೂ ಇಳಿದಿರಲಿಲ್ಲ.

ಅವಳು ಕೋಣೆಯ ನಡುವೆ ಸ್ಟ್ರೆಚರಿನ ಮೇಲೆ ಮಲಗಿದ್ದಳು. ಮೈಮೇಲಿನ ಬಿಳಿ ಹೊದಿಕೆಯ ಅಂಚನ್ನು ಗಂಡನೇ ಬೆಳಿಗ್ಗೆ ಕೂತು ಹೊಲಿದಿದ್ದ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈಯಲ್ಲೂ ಇವತ್ತು ಒಂದು ಕಡೆ ಹೊಲಿಗೆ ಸೊಟ್ಟಗಾಗಿತ್ತು. ಹನ್ನೊಂದಕ್ಕೆ ವಾಹನ ಬರುವುದಿತ್ತು. ನಾಲ್ಕು ಜನ ಎತ್ತಿಕೊಂಡು ಹೊರಟರೆ ಹೊದಿಕೆ ಸರಿಯಾಗಿ ಆ ಮೊಳೆಗೇ ಸಿಕ್ಕಿಕೊಳ್ಳುತ್ತದಲ್ಲ ಎಂಬುದು ತಮ್ಮನ ಚಿಂತೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಚಿಂತೆಯೇ ಬೇರೆ. ಅವಳು ನೀರಾವರಿ ಕಚೇರಿಯ ನಕ್ಷೆ ವಿಭಾಗದ ಮುಖ್ಯಸ್ಥೆ. ಅಲ್ಲಿ ಅವಳು ಒಳಗೆ ಬಂದರೆ ಜನ ಎದ್ದು ನಿಲ್ಲುತ್ತಾರೆ. ಅಲ್ಲೇ ಹಿರಿಯಳಾಗಿದ್ದು ಅವಳಿಗೆ ಕೆಲಸ ಕಲಿಸಿದ ಈ ಸತ್ತವಳು ಮಾತ್ರ ಅವಳನ್ನು ಕೊನೆಯವರೆಗೂ 'ಗಡಿಬಿಡಿ' ಎಂದೇ ಕರೆದಳು. ಆ ಮೊಳೆಯ ಕತೆ ಗೊತ್ತಿದ್ದವಳು ಈಗ ಆ ಕೋಣೆಯಲ್ಲಿ ಅವಳೊಬ್ಬಳೇ. ಹನ್ನೆರಡು ವರ್ಷ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಇವತ್ತು ಈ ಮನೆಯಲ್ಲಿ ಹೇಳಿಯೇ ಹೋಗಬೇಕೆಂದು ಬಂದಿದ್ದಳು. ಬಂದು ಒಂದು ಗಂಟೆಯಾಗಿತ್ತು. ಕುಡಿದದ್ದು ಮೂರು ಲೋಟ ನೀರು, ಆಡಿದ್ದು "ಹೀಗಾಗಬಾರದಿತ್ತು" ಎಂಬ ಒಂದೇ ಮಾತು.

* * *

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಭಾನುವಾರ, ಗಡಿಬಿಡಿ ಇದೇ ಕೋಣೆಗೆ ಬಂದಿದ್ದಳು. ಮೇಜಿನ ಮೇಲೊಂದು ಹಲಗೆ, ಹಲಗೆಯ ತುಂಬ ಸಣ್ಣ ಮೊಳೆಗಳು, ಮೊಳೆಯಿಂದ ಮೊಳೆಗೆ ದರ್ಜಿಯ ಉಂಡೆಗಳಿಂದ ಕದ್ದ ಬಣ್ಣಬಣ್ಣದ ದಾರ.

"ಒಂದೊಂದು ಮೊಳೆ ಅಂದ್ರೆ ನಾವು ಎತ್ತರ ಅಳೆದಿರೋ ಒಂದೊಂದು ಜಾಗ," ಎಂದಿದ್ದಳು ಹಿರಿಯಳು. "ನಡುವಿನ ನೆಲಾನ ಯಾರೂ ಅಳೆದಿಲ್ಲ. ಅದಕ್ಕೇ ಪಕ್ಕಪಕ್ಕದ ಮೂರು ಮೂರು ಬಿಂದು ಸೇರಿಸಿ ತ್ರಿಕೋಣ ಕಟ್ಟೋದು. ಒಂದರ ಮೇಲೊಂದು ಬೀಳಬಾರದು, ನಡುವೆ ಸಂದು ಉಳೀಬಾರದು. ಆಗ ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿಗೆ ನುಗ್ಗುತ್ತೆ ಅಂತ ಕಂಪ್ಯೂಟರ್ ಹೇಳುತ್ತೆ."

"ಈ ದಾರಗಳು ಹಲಗೆ ಬಿಟ್ಟು ಎಲ್ಲಿಗೆ ಹೋಗಿವೆ ಅಕ್ಕ?"

ಒಂದಷ್ಟು ದಾರ ಬಾಗಿಲ ಚೌಕಟ್ಟಿಗೆ, ಒಂದಷ್ಟು ಕಿಟಕಿಗೆ, ಒಂದಷ್ಟು ಬೀರುವಿಗೆ ಹೋಗಿದ್ದವು. ಅಡುಗೆಮನೆಯಿಂದ ಬಂದ ದರ್ಜಿ ಅವುಗಳ ಕೆಳಗೆ ನುಸುಳಿ, "ಈ ಮನೇಲಿ ಬಗ್ಗಿ ಬಗ್ಗಿ ನನಗೆ ಗೂನು ಬಂತು," ಎಂದು ಗೊಣಗಿಕೊಂಡು ಹೋದ.

"ಅವು ಮೂರೂ ಸುಳ್ಳು ಬಿಂದು. ಎಲ್ಲಾ ಒಳಗೆ ಬರೋ ಹಾಗೆ ಮೊದಲು ಒಂದು ದೊಡ್ಡ ಸುಳ್ಳು ತ್ರಿಕೋಣ. ಆಮೇಲೆ ನಿಜವಾದ ಬಿಂದುಗಳನ್ನ ಒಂದೊಂದೇ ಒಳಗೆ ಬಿಡ್ತಾ, ದಾರ ಬಿಚ್ಚಿ ಮತ್ತೆ ಕಟ್ಟೋದು. ಕೊನೇಲಿ ಸುಳ್ಳು ಮೂರನ್ನೂ ಅವುಗಳ ದಾರದ ಸಮೇತ ತೆಗೆದುಬಿಡೋದು. ಆದ್ರೆ ಅವನ್ನ ತುಂಬಾ ದೂರ ಇಡ್ಬೇಕು ಗಡಿಬಿಡಿ. ಹತ್ತಿರ ಇಟ್ರೆ, ತೆಗೆಯೋವಾಗ ಅಂಚಿನ ನಿಜವಾದ ನೆಲಾನೂ ಅದರ ಜೊತೆ ಹೊರಟುಹೋಗುತ್ತೆ."

ಎತ್ತರವನ್ನೂ ಸೇರಿಸಿ ಮೂರು ಆಯಾಮದಲ್ಲಿ ಕಟ್ಟುವುದಾದರೆ ಸುಳ್ಳು ಬಿಂದು ನಾಲ್ಕು ಬೇಕಂತೆ. ನಾಲ್ಕನೆಯದಕ್ಕೆ ಚಾವಣಿಯಲ್ಲೇ ಒಂದು ಮೊಳೆ ಇತ್ತು.

"ಕಾಲವನ್ನೂ ಸೇರಿಸಿದ್ರೆ?"

"ಐದು."

"ಐದನೇದು ಎಲ್ಲಿ ಹೊಡೀತೀರಿ?"

ಹಿರಿಯಳು ಕೋಣೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಹುಡುಕಿ, ಸುತ್ತಿಗೆಯ ಹಿಡಿಯಿಂದ ಅವಳ ತಲೆಯನ್ನು ಮೆಲ್ಲಗೆ ತಟ್ಟಿದ್ದಳು. "ಇಲ್ಲಿ."

* * *

"ನೌಕರಿಯ ಕೊನೆಯ ಆರು ವರ್ಷ ಆ ಕಚೇರಿ ನೆಲಮಾಳಿಗೇಲಿ ಹಳೇ ಕಡತದ ಜೊತೆ ಕಳೆದ್ರಲ್ಲ, ಪಾಪ," ಎಂದಳು ಎದುರು ಮನೆಯ ನರ್ಸ್, ದರ್ಜಿಯ ಕೈಗೆ ಕಾಫಿ ಲೋಟ ಕೊಡುತ್ತ. "ಒಂದೇ ಒಂದು ತಪ್ಪಿಗೆ."

"ಅದು ನನ್ನಿಂದಾದ ತಪ್ಪು," ಎಂದ ದರ್ಜಿ.

ಮುಖ್ಯಸ್ಥೆ ತಲೆಯೆತ್ತಿದಳು.

"ಅವತ್ತು ನನ್ನ ಕಣ್ಣಿನ ಆಪರೇಷನ್. ಕೆಲಸ ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಓಡಿ ಬಂದಿದ್ಲು. ಕೈ ಅಲ್ಲಿ, ಮನಸ್ಸು ಇಲ್ಲಿ. ಇಲ್ದಿದ್ರೆ ಅವಳು ಲೆಕ್ಕ ತಪ್ಪೋದು ಅಂದ್ರೇನು? ನನ್ನ ಕಣ್ಣು ಬಂತು, ಅವಳ ಹೆಸರು ಹೋಯ್ತು. ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ." ಅವನು ಲೋಟವನ್ನು ಹಾಗೆಯೇ ಕೆಳಗಿಟ್ಟ. "ಆಮೇಲಿಂದ ಸೂಜಿಗೆ ದಾರ ಪೋಣಿಸೋವಾಗೆಲ್ಲ ಅದೇ ನೆನಪು."

ಮುಖ್ಯಸ್ಥೆಗೆ ಕೂತ ಕುರ್ಚಿಯೇ ಚುಚ್ಚತೊಡಗಿತು. ತನ್ನ ಮೌನದ ಬೆಲೆ ತೆತ್ತವಳು ಹಿರಿಯಳೊಬ್ಬಳೇ ಎಂದುಕೊಂಡಿದ್ದಳು. ಈ ಮನುಷ್ಯನೂ ಪಾಲು ಹೊತ್ತಿದ್ದಾನೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

* * *

ಅವತ್ತು ಮಧ್ಯಾಹ್ನ ಎರಡಕ್ಕೆ ಹಿರಿಯಳು ಕುರ್ಚಿ ಬಿಟ್ಟೆದ್ದಿದ್ದಳು. "ಸುಳ್ಳು ಬಿಂದು ದೂರ ಇಟ್ಟು ಲೆಕ್ಕ ಓಡಿಸು. ಆಮೇಲೆ ಅಂಚು ನೋಡು. ಸರಿ ಇದ್ರೆ ಕಳಿಸು," ಎಂದು ಹೇಳಿ, ನಕ್ಷೆಯ ಜೊತೆಗೆ ಹೋಗುವ ಹಾಳೆಗೆ ಮುಂಚೆಯೇ ಸಹಿ ಹಾಕಿ ಹೋದಳು.

ದೂರವಿಟ್ಟರೆ ಸಂಖ್ಯೆಗಳು ಮಾರುದ್ದವಾಗಿ ಲೆಕ್ಕ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ನಾಲ್ಕನೆಯ ಸಲವೂ ನಿಂತಾಗ ಗಡಿಬಿಡಿ ಮೂರೂ ಬಿಂದುಗಳನ್ನು ಹತ್ತಿರಕ್ಕೆ ಎಳೆದಳು. ಲೆಕ್ಕ ಸರಾಗವಾಗಿ ಓಡಿತು. ಅಂಚು ನೋಡಲಿಲ್ಲ. ಐದಕ್ಕೆ ಬಸ್ ಇತ್ತು.

ಮಳೆಗಾಲದಲ್ಲಿ ನದಿ ಉಕ್ಕಿತು. ನಕ್ಷೆಯ ಅಂಚಿನಲ್ಲಿ ತ್ರಿಕೋಣಗಳು ಉದುರಿ ಬಿದ್ದಿದ್ದ ಕಡೆ ಒಂದು ಬೀದಿ ಇತ್ತು. ಆ ಬೀದಿಗೆ ಎಚ್ಚರಿಕೆ ಹೋಗಲೇ ಇಲ್ಲ. ಹನ್ನೊಂದು ಮನೆಗೆ ನೀರು ನುಗ್ಗಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ, ಆದರೆ ಒಬ್ಬ ಮುದುಕಿ ಎರಡು ದಿನ ಚಾವಣಿಯ ಮೇಲೆ ಕೂತಿದ್ದಳು.

ವಿಚಾರಣೆಯಲ್ಲಿ ಕಿರಿಯಳು ಬಾಯಿ ತೆರೆದಾಗ ಹಿರಿಯಳು ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಸಹಿ ನನ್ನದು. ನೋಡದೆ ಹಾಕಿದ ಸಹಿ, ಅದಕ್ಕೆ ನಾನೇ ಉತ್ತರ ಹೇಳ್ಬೇಕು. ನಿನಗೆ ಇನ್ನೂ ಮೂವತ್ತು ವರ್ಷ ಕೆಲಸ ಇದೆ. ಅಂಚು ನೋಡೋದು ಕಲಿ."

ಕಿರಿಯಳು ಕಲಿತಳು. ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತಳು. ಮೊದಲ ವರ್ಷ ಹೆದರಿಕೆ, ಆಮೇಲೆ ನಾಚಿಕೆ, ಕುರ್ಚಿ ಸಿಕ್ಕ ಮೇಲೆ ಅದೇ ರೂಢಿಯಾಯಿತು.

* * *

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಮುಖ್ಯಸ್ಥೆ ಎದ್ದು ದರ್ಜಿಯ ಮುಂದೆ ಬಂದಳು.

"ಆ ತಪ್ಪು ಅಕ್ಕನದಲ್ಲ. ನನ್ನದು."

ತಮ್ಮ ಇಕ್ಕಳ ಕೆಳಗಿಳಿಸಿದ.

ಅವಳು ಬಾಗಿಲ ಮೊಳೆ, ಕಿಟಕಿಯ ಮೊಳೆ, ಬೀರುವಿನ ಮೊಳೆ ಒಂದೊಂದನ್ನೇ ತೋರಿಸಿ ಹೇಳಿದಳು. ಕಚೇರಿಯ ಸಭೆಗಳಲ್ಲಿ ತಡವರಿಸದ ನಾಲಿಗೆ ಇಲ್ಲಿ ಹೆಜ್ಜೆಗೊಮ್ಮೆ ಎಡವಿತು. "ದೂರ ಇಡು ಅಂದಿದ್ರು, ನಾನು ಹತ್ತಿರ ಇಟ್ಟೆ. ಅಂಚು ನೋಡು ಅಂದಿದ್ರು, ನೋಡ್ಲಿಲ್ಲ. ಅವರು ಹೇಳಿದ್ದೆಲ್ಲ ಸರಿಯಾಗೇ ಹೇಳಿದ್ರು. ನಿಮ್ಮ ಕಣ್ಣಿಂದ ಏನೂ ಆಗಿಲ್ಲ."

ದರ್ಜಿ ಬಾಗಿಲ ಮೊಳೆಯತ್ತ ನೋಡಿದ.

"ಕಚ್ಚಾ ಹೊಲಿಗೆ ಇದ್ದ ಹಾಗೆ," ಎಂದ. "ಬಟ್ಟೆ ನಿಲ್ಲೋವರೆಗೆ ಹಾಕ್ತೀವಿ, ಆಮೇಲೆ ಬಿಚ್ತೀವಿ. ಪಕ್ಕಾ ಹೊಲಿಗೆಗೆ ತಾಗಿ ಹಾಕಿದ್ರೆ ಬಿಚ್ಚೋವಾಗ ಅದೂ ಕಿತ್ತು ಬರುತ್ತೆ."

"ಹೌದು. ಅದೇ ಆಗಿದ್ದು."

"ಅವಳಿದ್ದಾಗ ಹೇಳಬಾರದಿತ್ತಾ?"

"ಹೇಳಬೇಕಿತ್ತು."

ಅವನು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಅವನ ಕಣ್ಣು ತುಂಬಿ, ಎಷ್ಟೋ ವರ್ಷದ ಬಿಗಿ ಭುಜದಿಂದ ಇಳಿದದ್ದು ಮಾತ್ರ ಅವಳಿಗೆ ಕಂಡಿತು. ಅದನ್ನು ಕಂಡು ಅವಳಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು.

ತಮ್ಮ ಮತ್ತೆ ಇಕ್ಕಳ ಎತ್ತಿದ.

"ಬಿಡೋ ಅದನ್ನ."

"ಬಟ್ಟೆ ಸಿಕ್ಕಿಕೊಳ್ಳುತ್ತಣ್ಣ."

ದರ್ಜಿ ಎದ್ದು ಬಾಗಿಲಿಗೆ ಹೋಗಿ, ಮೊಳೆಯ ತಲೆಯ ಮೇಲೆ ಅಂಗೈ ಮುಚ್ಚಿ ನಿಂತ. "ಈಗ ಎತ್ತಿ."

ನಾಲ್ಕು ಜನ ಎತ್ತಿದರು. ಮುಖ್ಯಸ್ಥೆ ದಾರಿ ಬಿಟ್ಟು ಗೋಡೆಗೆ ಒರಗಿದಳು. ದರ್ಜಿ ಅವಳತ್ತ ನೋಡಿದ.

"ನೀನೂ ಬಾ. ಅಂಚು ನೋಡ್ಕೋ."

ಅವಳು ಎರಡೂ ಕೈಯಲ್ಲಿ ಹೊದಿಕೆಯ ಅಂಚನ್ನು ಹಿಡಿದುಕೊಂಡಳು. ಸೊಟ್ಟ ಹೊಲಿಗೆ ಬೆರಳಿಗೆ ಸಿಕ್ಕಿತು. ಬಾಗಿಲು ಬಂದಾಗ ಬಟ್ಟೆ ದರ್ಜಿಯ ಕೈಯ ಹಿಂಬದಿಯನ್ನು ಸವರಿಕೊಂಡು, ಒಂದೆಳೆಯೂ ಸಿಕ್ಕಿಕೊಳ್ಳದೆ ದಾಟಿತು. ಅವಳು ಬಗ್ಗಿಕೊಂಡೇ, ಅಂಚಿನಿಂದ ಕಣ್ಣು ತೆಗೆಯದೆ, ಅದರ ಜೊತೆ ಹೊರಗೆ ನಡೆದಳು. ಹಿಂದೆ, ಖಾಲಿ ಬಾಗಿಲಲ್ಲಿ, ಮುದುಕನ ಅಂಗೈ ಇನ್ನೂ ಮೊಳೆಯ ಮೇಲೇ ಇತ್ತು.