ಹದವಾಗಿ ಕೈಕೊಡುವಂಥದ್ದು

ಜನ ತಮ್ಮ ಕಂಪ್ಯೂಟರಿಗೆ ಕೈಕೊಡದ ಸಾಫ್ಟ್‌ವೇರ್ ಹುಡುಕುತ್ತಾರೆ. ನಾನು ಹದವಾಗಿ ಕೈಕೊಡುವಂಥದ್ದನ್ನು ಹುಡುಕುತ್ತೇನೆ. ಪೂರ್ತಿ ಕೆಟ್ಟರೆ ನನ್ನ ಕೆಲಸ ನಿಲ್ಲುತ್ತದೆ. ಕೆಡದೇ ಇದ್ದರೆ ಅಣ್ಣ ಫೋನಿಗೆ ಸಿಗುವುದಿಲ್ಲ.

ನನ್ನದು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಕಂಡವರ ತಪ್ಪುಗಳ ಜೊತೆ ಏಗಾಟ. ಬಾಯಿಬಿಟ್ಟು ಮಾತಾಡಬೇಕೆಂದರೆ ಫ್ರಿಜ್ಜೇ ಗತಿ, ಅದೂ ಬರೀ ಗೊಣಗುತ್ತದೆ. ಅಣ್ಣ ಬೇರೆ ಊರಿನಲ್ಲಿ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಹೇಗಿದ್ದೀಯ ಎಂದು ಕೇಳಿದರೆ "ಚೆನ್ನಾಗಿದ್ದೀನಿ, ಆಮೇಲೆ ಮಾಡ್ತೀನಿ" ಅನ್ನುವ ಆಸಾಮಿ. ಆ ಆಮೇಲೆ ಬರುವುದೇ ಇಲ್ಲ. ಅದೇ "ಟಿಪ್ಪಣಿಯೆಲ್ಲ ಮಾಯ ಆಗ್ಬಿಟ್ಟಿದೆ ಅಣ್ಣ" ಎಂದರೆ ಸಾಕು, ಊಟ ಬಿಟ್ಟು ಬರುತ್ತಾನೆ. ಕೂತಲ್ಲಿಂದಲೇ ನನ್ನ ಕಂಪ್ಯೂಟರಿನೊಳಗೆ ನುಗ್ಗುತ್ತಾನೆ. ನಾನು ಮೌಸ್ ಬಿಟ್ಟು ಕೈಕಟ್ಟಿ ಕೂರುತ್ತೇನೆ. ಪರದೆಯ ಮೇಲೆ ಬಾಣ ತಾನೇ ತಾನಾಗಿ ಓಡಾಡುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸುತ್ತದೆ. ಬೈಗುಳವೂ ಸೇರಿ ಅರ್ಧ ಗಂಟೆಗೆ ಮೋಸವಿಲ್ಲ.

ಹೋದ ಭಾನುವಾರ ಅವನು ರೋಸಿಹೋದ.

"ಎಲ್ಲಿಂದ ಹುಡುಕ್ಕೊಂಡು ಬರ್ತೀಯೇ ಈ ದರಿದ್ರಗಳನ್ನ?" ಎನ್ನುತ್ತ ಇಡೀ ಮಧ್ಯಾಹ್ನ ಕೂತು ಎಲ್ಲವನ್ನೂ ಕಿತ್ತುಹಾಕಿದ. ಬರೆಯಲು, ಟಿಪ್ಪಣಿಗೆ, ಪಾಸ್‌ವರ್ಡಿಗೆ, ಬ್ಯಾಕಪ್ಪಿಗೆ ತಾನೇ ಬಳಸುವಂಥವನ್ನು ಹಾಕಿಕೊಟ್ಟ. "ಇನ್ನು ನಿಂಗೆ ನನ್ನ ಕಾಟ ಇಲ್ಲ, ನಂಗೆ ನಿನ್ನ ಕಾಟ ಇಲ್ಲ" ಅಂದ, ಖುಷಿಯಾಗಿ. ನನಗೆ ಅಳು ಬಂತು. ಥ್ಯಾಂಕ್ಸ್ ಅಂದೆ.

ಹಾಳಾದವು ಒಂದೂ ಕೆಡಲಿಲ್ಲ. ತೆರೆ ಅಂದರೆ ತೆರೆದವು, ಉಳಿಸು ಅಂದರೆ ಉಳಿಸಿದವು. ಕೆಲಸ ಬೇಗ ಮುಗಿದು ಸಂಜೆ ಮಾತ್ರ ಮುಗಿಯದಾಯಿತು. ಹಳೆಯವನ್ನೇ ಮತ್ತೆ ಹಾಕಿಕೊಳ್ಳೋಣವೆಂದರೆ, ಪಾಪ, ಅಷ್ಟು ಹೊತ್ತು ಕೂತು ಮಾಡಿದ್ದಾನೆ. ಮನಸ್ಸು ಬರಲಿಲ್ಲ.

ನಿನ್ನೆ ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಏನ್ ಕೆಡ್ತು?" ಅಂದ.

"ಏನೂ ಇಲ್ಲ. ಸುಮ್ನೆ ಮಾಡ್ದೆ."

ಆ ಕಡೆ ಕೀಲಿಮಣೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. "ಹಾಗಾದ್ರೆ ಸರಿ. ಆಮೇಲೆ ಮಾಡ್ತೀನಿ."

"ಬ್ಯಾಕಪ್ ಆಗ್ತಿಲ್ಲ ಅಣ್ಣ" ಎಂದುಬಿಟ್ಟೆ.

ತಕ್ಷಣ ಬಂದ. ಬಾಣ ಅಲ್ಲಿ ಇಲ್ಲಿ ತಡಕಾಡಿತು, ಒಂದೊಂದೇ ಫೋಲ್ಡರ್ ತೆಗೆದು ನೋಡಿತು, ಕೊನೆಗೆ ಪರದೆಯ ನಡುವೆ ಬಂದು ನಿಂತಿತು.

"ಎಲ್ಲ ಸರಿಯಾಗೇ ಇದೆಯಲ್ಲೇ" ಅಂದ.

"ಇನ್ನೊಂದ್ಸಲ ನೋಡಣ್ಣ," ಅಂದೆ. "ನಿಧಾನಕ್ಕೆ ನೋಡು."